ಟಿವೈ, ಪ್ರಿಲಿಮ್ ಮೆಡಿಸಿನ್, ಪ್ರಿಲಿಮ್ ಸರ್ಜರಿ: ಅಮೆರಿಕದಲ್ಲಿ ಆ ಮೊದಲ ವರ್ಷ ಎಲ್ಲಿ ಕಳೆಯೋದು?

ಡಿಸೆಂಬರ್ ಬಂತೆಂದರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜು ಶುರು. "ಅಕ್ಕಾ, ಅನಸ್ತೇಸಿಯಾಗೆ ಇಂಟರ್‌ವ್ಯೂ ಬಂದಿದೆ. ಆದ್ರೆ ಸೀಟು ಪಿಜಿವೈ-2ರಿಂದ ಅಂತೆ. ಮೊದಲ ವರ್ಷಕ್ಕೆ ಟಿವೈ ಹಾಕ್ಲಾ, ಪ್ರಿಲಿಮ್ ಹಾಕ್ಲಾ?" ಕೇಳುವವರು ಹೆಚ್ಚಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಕಡೆ ಎಂಬಿಬಿಎಸ್ ಮುಗಿಸಿದವರು. ಫೋನಲ್ಲಿ ಹತ್ತು ಸಲ ಹೇಳಿದ್ದನ್ನು ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಹೊಸಬರಿಗೆ ಎರಡು ಮಾತು. ಎಂಬಿಬಿಎಸ್ ನಂತರದ ತರಬೇತಿಗೆ ಅಮೆರಿಕದಲ್ಲಿ ರೆಸಿಡೆನ್ಸಿ ಅನ್ನುತ್ತಾರೆ. ಅದರ ಮೊದಲ ವರ್ಷ ಪಿಜಿವೈ-1 ಅಂದರೆ ಇಂಟರ್ನ್ ವರ್ಷ, ಎರಡನೆಯದು ಪಿಜಿವೈ-2. ಕೆಲವು ಸ್ಪೆಷಾಲಿಟಿಗಳ ತರಬೇತಿ ಎರಡನೇ ವರ್ಷದಿಂದ ಶುರುವಾಗುತ್ತದೆ. ರೇಡಿಯಾಲಜಿ, ಡರ್ಮಟಾಲಜಿ, ರೇಡಿಯೇಶನ್ ಆಂಕಾಲಜಿ, ಪಿಎಂ ಅಂಡ್ ಆರ್ (ದೈಹಿಕ ಪುನಶ್ಚೇತನ) ಇವುಗಳಲ್ಲಿ ಇಂಥ ಸೀಟು ಜಾಸ್ತಿ. ಅನಸ್ತೇಸಿಯಾ, ನ್ಯೂರಾಲಜಿಯಲ್ಲೂ ಒಂದಷ್ಟಿವೆ. ಇವಕ್ಕೆ ಅಡ್ವಾನ್ಸ್ಡ್ ಸೀಟು ಅನ್ನುತ್ತಾರೆ. ಮೊದಲ ವರ್ಷವನ್ನು ನೀವೇ ಬೇರೆ ಹುಡುಕಿಕೊಳ್ಳಬೇಕು. ಟಿವೈ, ಪ್ರಿಲಿಮ್ ಅನ್ನುವುದು ಆ ಒಂದು ವರ್ಷದ ಸೀಟುಗಳಿಗೇ. ಮೊದಲ ವರ್ಷವೂ ಅಲ್ಲೇ ಸೇರಿದ್ದರೆ ಅದು ಕ್ಯಾಟಗಾರಿಕಲ್ ಸೀಟು. ಕಣ್ಣಿನ ವಿಭಾಗದವರು ಮಾತ್ರ ಈಚೆಗೆ ಮೊದಲ ವರ್ಷವನ್ನೂ ತಮ್ಮ ಪ್ರೋಗ್ರಾಮಿಗೇ ಜೋಡಿಸಿಕೊಂಡಿದ್ದಾರೆ. ಅವರಿಗೆ ಈ ತಲೆನೋವು ಹೆಚ್ಚು ಕಡಿಮೆ ತಪ್ಪಿದೆ.

"ಹೌಸ್ ಸರ್ಜನ್ಸಿ ಮಾಡಿದ್ದೀಯಲ್ಲ, ಮತ್ತೆ ಯಾಕೆ ಇಂಟರ್ನ್?" ಅಂತ ನಮ್ಮಮ್ಮ ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲಿನ ಲೆಕ್ಕದಲ್ಲಿ ಎಸಿಜಿಎಂಇ (ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಒಪ್ಪಿದ ತರಬೇತಿ ವರ್ಷವೇ ಬೇಕು. ಹುಬ್ಬಳ್ಳಿಯಲ್ಲಿ ನಾನು ಮಾಡಿಸಿದ ಹೆರಿಗೆಗಳು, ಹಾಕಿದ ಹೊಲಿಗೆಗಳು ಕೈಗೆ ಧೈರ್ಯ ಕೊಟ್ಟವು, ಕ್ರೆಡಿಟ್ ಕೊಡಲಿಲ್ಲ.

ಇನ್ನು ಆಯ್ಕೆಗಳು ಮೂರು: ಟ್ರಾನ್ಸಿಷನಲ್ ಇಯರ್ ಅಂದರೆ ಟಿವೈ, ಪ್ರಿಲಿಮ್ ಮೆಡಿಸಿನ್, ಪ್ರಿಲಿಮ್ ಸರ್ಜರಿ. ಮೂರರ ಬಗ್ಗೆಯೂ ಎಲ್ಲರೂ ಮೊದಲು ಕೇಳೋದು "ಯಾವುದು ಆರಾಮ?" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ಅಳತೆಗೋಲು

ಪಿಜಿವೈ-2 ಸೀಟು ಕೈಯಲ್ಲಿದೆಯಾ, ಇಲ್ಲವಾ? ಬೇರೆಲ್ಲ ಪ್ರಶ್ನೆಗೂ ತಾಯಿ ಪ್ರಶ್ನೆ ಇದು. ಸೀಟು ಇದ್ದವರಿಗೆ ಇಂಟರ್ನ್ ವರ್ಷ ಒಂದು ಸೇತುವೆ. ದಾಟಿದರೆ ಆಯ್ತು. ಸೀಟು ಇಲ್ಲದವರು ಸೇತುವೆ ದಾಟುತ್ತಲೇ ಆ ಕಡೆಯ ದಡವನ್ನೂ ಕಟ್ಟಿಕೊಳ್ಳಬೇಕು. ಇಬ್ಬರಿಗೂ ಒಂದೇ ಸಲಹೆ ಕೊಡುವವರ ಮಾತು ಕೇಳಬೇಡಿ.

ನಿಮ್ಮ ಸ್ಪೆಷಾಲಿಟಿ ಏನು ಕೇಳುತ್ತದೆ ಅನ್ನೋದು ಎರಡನೆಯದು. ನ್ಯೂರಾಲಜಿಗೆ ಮೊದಲ ವರ್ಷದಲ್ಲಿ ಇಂಟರ್ನಲ್ ಮೆಡಿಸಿನ್ ತಿಂಗಳುಗಳು ಜಾಸ್ತಿ ಇರಲೇಬೇಕು. ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ ವಿಭಾಗ) ತುಂಬಿದ ಟಿವೈ ಹಿಡಿದುಕೊಂಡು ಹೋದರೆ ತೊಂದರೆ ಆಗಬಹುದು. ಅನಸ್ತೇಸಿಯಾದವರು ಐಸಿಯು, ಎಮರ್ಜೆನ್ಸಿ ತಿಂಗಳುಗಳನ್ನು ಎಣಿಸುತ್ತಾರೆ. ಇಂಟರ್ವೆನ್ಷನಲ್ ರೇಡಿಯಾಲಜಿಯ ಕೆಲವು ಪ್ರೋಗ್ರಾಮ್‌ಗಳಿಗೆ ಸರ್ಜರಿ ವರ್ಷವೇ ಬೇಕು. ಡರ್ಮಟಾಲಜಿ, ರೇಡಿಯಾಲಜಿಗಳು ಇದರಲ್ಲಿ ಅಷ್ಟು ಬಿಗಿ ಇಲ್ಲ. ಪಿಜಿವೈ-2 ಪ್ರೋಗ್ರಾಮಿನ ಕೋಆರ್ಡಿನೇಟರ್‌ಗೆ ಒಂದು ಸಾಲಿನ ಇಮೇಲ್ ಹಾಕಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರನೆಯದು ವೀಸಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಜಾಣರು ಕೂಡ ಎಡವೋದು ಇಲ್ಲೇ. ಎರಡು ವರ್ಷಕ್ಕೆ ಎರಡು ಆಸ್ಪತ್ರೆ ಅಂದರೆ ಎರಡೂ ಕಡೆಯವರು ನಿಮ್ಮ ವೀಸಾಗೆ ಒಪ್ಪಬೇಕು. ಹೆಚ್ಚಿನ ಕಡೆ ಜೆ-1 (ತರಬೇತಿಗೆ ಬರುವವರ ವೀಸಾ) ನಡೆಯುತ್ತದೆ. ಅದನ್ನು ಕೊಡಿಸುವುದು ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳ ಅರ್ಹತೆ ನೋಡುವ ಸಂಸ್ಥೆ ಇಸಿಎಫ್‌ಎಂಜಿ, ವರ್ಷ ವರ್ಷ ನವೀಕರಿಸಬೇಕು. "ಮೊದಲ ವರ್ಷ ಜೆ-1ರಲ್ಲಿ ತಳ್ಳಿ, ಆಮೇಲೆ ಎಚ್-1ಬಿಗೆ ಹೋಗ್ತೀನಿ" ಅನ್ನುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅದು ಆಗುವುದಿಲ್ಲ. ತರಬೇತಿಗೆ ಬರುವ ಡಾಕ್ಟರ್‌ಗಳ ಜೆ-1ಗೆ, ಮುಗಿದ ಮೇಲೆ ಎರಡು ವರ್ಷ ಊರಿಗೆ ಹೋಗಿರಬೇಕು ಅನ್ನುವ ಷರತ್ತು ಅಂಟಿಕೊಂಡಿರುತ್ತದೆ. ಅದು ತೀರಬೇಕು, ಇಲ್ಲವೇ ಮನ್ನಾ ಆಗಬೇಕು. ಅಲ್ಲಿಯವರೆಗೆ ಎಚ್-1ಬಿ ಬಾಗಿಲು ತೆರೆಯುವುದಿಲ್ಲ. ಅಂದರೆ ಒಂದೇ ಒಂದು ಇಂಟರ್ನ್ ವರ್ಷಕ್ಕೆ ತಗೊಂಡ ಜೆ-1 ನಿಮ್ಮ ಮುಂದಿನ ಹತ್ತು ವರ್ಷದ ದಾರಿ ತಿರುಗಿಸಬಹುದು.

ಎಚ್-1ಬಿಯೇ ಬೇಕು ಅನ್ನುವವರು ಸ್ಟೆಪ್ 3 (ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆಯ ಕೊನೆಯ ಹಂತ) ಮೊದಲೇ ಪಾಸಾಗಿರಬೇಕು. ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ, ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅನ್ನುವ ಆದೇಶವೂ ಬಂತು. ಒಂದೇ ವರ್ಷ ಇದ್ದು ಹೋಗುವ ಇಂಟರ್ನ್‌ಗೆ ಯಾವ ಸಣ್ಣ ಆಸ್ಪತ್ರೆ ಅಷ್ಟು ಸುರಿಯುತ್ತದೆ? ನೀವೇ ಹೇಳಿ.

ಇವು ಮೂರೂ ಆದ ಮೇಲೆ ಊರು, ದುಡ್ಡು, ಗಂಟೆಗಳು, ನಿದ್ದೆ.

ಟಿವೈ: ಎಲ್ಲರ ಕಣ್ಣೂ ಇದರ ಮೇಲೇ

ಟಿವೈನಲ್ಲಿ ಎಲ್ಲದರ ರುಚಿ ಸ್ವಲ್ಪ ಸ್ವಲ್ಪ. ನಿಯಮದ ಪ್ರಕಾರ ಕನಿಷ್ಠ 24 ವಾರ ಮೆಡಿಸಿನ್, ಸರ್ಜರಿ, ಮಕ್ಕಳ ವಿಭಾಗ, ಎಮರ್ಜೆನ್ಸಿಯಂಥ ಮೂಲ ಕೆಲಸ. ಉಳಿದದ್ದರಲ್ಲಿ ಎಲೆಕ್ಟಿವ್‌ಗೆ ಒಳ್ಳೇ ಜಾಗ ಇರುತ್ತದೆ. ಹೆಚ್ಚಿನವು ಮಧ್ಯಮ ಗಾತ್ರದ ಕಮ್ಯುನಿಟಿ ಆಸ್ಪತ್ರೆಗಳಲ್ಲಿ ಇವೆ. ಡರ್ಮಟಾಲಜಿ, ರೇಡಿಯಾಲಜಿ ಸಿಕ್ಕವರು ಇಲ್ಲಿಗೇ ಮುಗಿಬೀಳುತ್ತಾರೆ. ಹಾಗಾಗಿ ಸೀಟು ಕಡಿಮೆ, ಪೈಪೋಟಿ ಜಾಸ್ತಿ, ಪೈಪೋಟಿಗೆ ಬರುವವರ ಮಾರ್ಕ್ಸೂ ಜಾಸ್ತಿ. ನಮ್ಮ ಕಡೆಯಿಂದ ಬಂದವರಿಗೆ ಟಿವೈ ಸಿಗುವುದು ಕಷ್ಟ. ವೀಸಾ ಕೊಡದ ಟಿವೈಗಳೂ ಇವೆ. ಅಪ್ಲೈ ಮಾಡುವ ಮೊದಲೇ ನೋಡಿಕೊಳ್ಳಿ, ಫೀಸ್ ಸುಮ್ನೆ ಹೋಗುತ್ತದೆ.

ಟಿವೈ ಅಂದಮಾತ್ರಕ್ಕೆ ಆರಾಮ ಅಂದುಕೊಳ್ಳಬೇಡಿ. ಬ್ಲಾಕ್ ಶೆಡ್ಯೂಲ್ ಕೇಳಿ ಇಸಿದುಕೊಳ್ಳಿ. ಹೆಚ್ಚಿನ ಕಡೆ ವರ್ಷವನ್ನು ನಾಲ್ಕು ವಾರದ 13 ಬ್ಲಾಕ್ ಮಾಡಿರುತ್ತಾರೆ. ಒಂದು ಪೆನ್ಸಿಲ್ ತಗೊಂಡು ವಾರ್ಡು ಎಷ್ಟು, ಐಸಿಯು ಎಷ್ಟು, ನೈಟ್ ಎಷ್ಟು, ಎಲೆಕ್ಟಿವ್ ಎಷ್ಟು ಗುರುತು ಹಾಕಿ. ಒಂದು ಕಡೆ 6 ಎಲೆಕ್ಟಿವ್, ಇನ್ನೊಂದು ಕಡೆ 2 ಮಾತ್ರ ಇದ್ದರೂ ಎರಡರ ಬೋರ್ಡಿನ ಮೇಲೂ ಟಿವೈ ಅಂತಲೇ ಬರೆದಿರುತ್ತದೆ. ಎಲೆಕ್ಟಿವ್‌ನಲ್ಲೂ ವೀಕೆಂಡ್ ಕಾಲ್‌ಗೆ ಎಳೆಯುತ್ತಾರಾ ಕೇಳಿ.

ಸೀಟು ಕೈಯಲ್ಲಿರುವವರಿಗೆ ಒಳ್ಳೇ ಟಿವೈ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. "ಕಷ್ಟಪಟ್ಟರೇ ಡಾಕ್ಟರ್ ಆಗೋದು" ಅನ್ನುವ ಸೀನಿಯರ್‌ಗಳು ಇರುತ್ತಾರೆ, ನಕ್ಕು ಸುಮ್ಮನಾಗಿ. ಸ್ಟೆಪ್ 3 ಆ ವರ್ಷವೇ ಮುಗಿಯುತ್ತದೆ, ಮನೆಯವರ ಜೊತೆ ಊಟ ಮಾಡಬಹುದು, ಮುಂದಿನ ಸ್ಪೆಷಾಲಿಟಿಗೆ ಬೇಕಾದ ಪುಸ್ತಕ ತೆರೆಯಬಹುದು.

ಸೀಟು ಇಲ್ಲದವರಿಗೆ ಮಾತ್ರ ಟಿವೈ ಹಗುರಾದ ನೆಲ. ಮರುವರ್ಷ ಮೆಡಿಸಿನ್‌ಗೆ ಹೋಗೋಣ ಅಂದರೆ ಮಾಡಿದ ತಿಂಗಳುಗಳೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲೇ ಖಾಲಿಯಾಗುವ ಪಿಜಿವೈ-2 ಸೀಟೂ ಇರುವುದಿಲ್ಲ, ಯಾಕಂದರೆ ಟಿವೈಗೆ ಎರಡನೇ ವರ್ಷವೇ ಇಲ್ಲ.

ಪ್ರಿಲಿಮ್ ಮೆಡಿಸಿನ್: ನಾನು ಮಾಡಿದ್ದು

ಇದು ಮೆಡಿಸಿನ್ ರೆಸಿಡೆನ್ಸಿಯ ಮೊದಲ ವರ್ಷವೇ. ಮೂರು ವರ್ಷ ಇರುವವರ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡಿ, ಜೂನ್ ಕೊನೆಗೆ ಬ್ಯಾಡ್ಜ್ ವಾಪಸ್ ಕೊಟ್ಟು ಹೊರಡುವುದು. ಹಗಲು ವಾರ್ಡು, ಐಸಿಯು, ನೈಟ್ ಫ್ಲೋಟ್ (ಸಾಲು ಸಾಲು ರಾತ್ರಿ ಪಾಳಿ). ನಿಯಮಗಳು ಇವೆ: ನಾಲ್ಕು ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ ಮೀರಬಾರದು, ಏಳರಲ್ಲಿ ಒಂದು ದಿನ ರಜೆ. ಮೆಡಿಸಿನ್‌ನಲ್ಲಿ ಒಬ್ಬ ಇಂಟರ್ನ್ ತನ್ನ ಹೆಸರಲ್ಲಿ 10ಕ್ಕಿಂತ ಜಾಸ್ತಿ ಪೇಷಂಟ್ ಇಟ್ಟುಕೊಳ್ಳುವಂತಿಲ್ಲ. ರಾತ್ರಿ ಬೇರೆಯವರ ಪೇಷಂಟ್‌ಗಳನ್ನು ಕಾಯುವಾಗ ಮಾತ್ರ ಪಟ್ಟಿ ಅದಕ್ಕಿಂತ ಎಷ್ಟೋ ಉದ್ದ.

ನನ್ನ ಎರಡನೇ ನೈಟ್ ಇನ್ನೂ ನೆನಪಿದೆ. ಕೋಟಿನ ಜೇಬಲ್ಲಿ ನಾಲ್ಕಾಗಿ ಮಡಚಿದ ಸೈನ್‌ಔಟ್ ಹಾಳೆ (ಹಗಲಿನವರು ಒಪ್ಪಿಸಿ ಹೋದ ಪೇಷಂಟ್‌ಗಳ ಪಟ್ಟಿ), ಪ್ರತಿ ಹೆಸರಿನ ಮುಂದೆ ಸಣ್ಣ ಚೌಕ. ಎರಡೂವರೆಗೆ ಪೇಜರ್ ಹೊಡೆಯಿತು, ಯಾರಿಗೋ ಪೊಟ್ಯಾಸಿಯಂ 2.8, ತೀರಾ ಕಡಿಮೆ. ಅದಕ್ಕೆ ಆರ್ಡರ್ ಹಾಕುತ್ತಿರುವಾಗಲೇ ಮೇಲಿನ ಮಹಡಿಯಿಂದ ನರ್ಸ್ ಫೋನು: "ಒಂದ್ಸಲ ಬಂದು ನೋಡ್ತೀರಾ? ನಂಬರ್ ಎಲ್ಲ ಸರಿ ಇದೆ, ಆದ್ರೆ ನನಗ್ಯಾಕೋ ಸರಿ ಕಾಣ್ತಿಲ್ಲ." ಹೋದೆ. ವಯಸ್ಸಾದವರೊಬ್ಬರು ಮಂಚದ ಅಂಚಿಗೆ ಬಂದು ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಯ ಮೇಲೆ ಊರಿ ಕೂತಿದ್ದರು. ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿರಲಿಲ್ಲ. ಪೊಟ್ಯಾಸಿಯಂ ಮರೆತೇ ಹೋಯಿತು. ಸೀನಿಯರ್‌ಗೆ ಫೋನ್ ಮಾಡಿದೆ, ಲೇಸಿಕ್ಸ್ (ಮೈಯ ನೀರು ಇಳಿಸುವ ಔಷಧ) ಕೊಟ್ಟೆವು, ಬೈಪ್ಯಾಪ್ (ಉಸಿರಾಟಕ್ಕೆ ನೆರವಾಗುವ ಮಾಸ್ಕ್) ಹಾಕಿದೆವು. ಬೆಳಗ್ಗೆ ಅವರು ಕಾಫಿ ಕೇಳುತ್ತಿದ್ದರು. ಪೊಟ್ಯಾಸಿಯಂ ಆರ್ಡರ್ ನಾಲ್ಕಕ್ಕೆ ಹಾಕಿದೆ, ಬೈಸಿಕೊಂಡೆ.

ಬಾಗಿಲಲ್ಲಿ ನಿಂತೇ "ಈ ಪೇಷಂಟ್ ಸರಿಯಿಲ್ಲ" ಅಂತ ಗೊತ್ತಾಗುವ ಕಣ್ಣು ನನಗೆ ಬಂದದ್ದು ಅಂಥ ರಾತ್ರಿಗಳಲ್ಲಿ. ಇವತ್ತು ಆಪರೇಷನ್ ಥಿಯೇಟರ್‌ನಲ್ಲಿ ದಿನಾ ಅದೇ ಕೆಲಸಕ್ಕೆ ಬರುತ್ತದೆ. ಅನಸ್ತೇಸಿಯಾ, ನ್ಯೂರಾಲಜಿಗೆ ಹೋಗುವವರು ಕಷ್ಟದ ವರ್ಷ ಅಂತ ಇದಕ್ಕೆ ಬೆನ್ನು ತಿರುಗಿಸಬೇಡಿ ಅನ್ನುವುದು ಇದಕ್ಕೇ. ಕೋಣೆಯೊಳಗೆ ಕೂತು ಸಿ.ಟಿ. ಓದಲಿರುವವರಿಗೆ ಇದೇ ಮಾತನ್ನು ಇಷ್ಟು ಜೋರಾಗಿ ಹೇಳಲಾರೆ.

ಇದರಲ್ಲೊಂದು ಕಹಿಯೂ ಇದೆ. ನಾನಿದ್ದ ಆಸ್ಪತ್ರೆಯಲ್ಲಿ ಪ್ರಿಲಿಮ್‌ಗಳ ಮೇಲೆ ಮಲತಾಯಿ ಧೋರಣೆ. ಮೂರು ವರ್ಷದವರಿಗೆ ಕಾರ್ಡಿಯಾಲಜಿ ಎಲೆಕ್ಟಿವ್, ನಮಗೆ ಇನ್ನೊಂದು ತಿಂಗಳು ವಾರ್ಡು. ಕ್ರಿಸ್‌ಮಸ್, ಹೊಸ ವರ್ಷ ಎರಡಕ್ಕೂ ನಮ್ಮದೇ ಡ್ಯೂಟಿ. "ಹೇಗೂ ಹೋಗ್ತೀರಲ್ಲ" ಅನ್ನುವ ಮಾತು ಬಾಯಲ್ಲಿ ಬರುತ್ತಿರಲಿಲ್ಲ, ರೋಸ್ಟರ್‌ನಲ್ಲಿ ಕಾಣುತ್ತಿತ್ತು. ಎಲ್ಲ ಕಡೆ ಹೀಗಿಲ್ಲ. ಇಂಟರ್‌ವ್ಯೂನಲ್ಲಿ ಪ್ರಿಲಿಮ್ ಒಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ, ಅವರ ಶೆಡ್ಯೂಲನ್ನೂ ಕ್ಯಾಟಗಾರಿಕಲ್‌ನವರ ಶೆಡ್ಯೂಲನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮಾತಾಡಿಸಲು ಪ್ರಿಲಿಮ್‌ಗಳನ್ನೇ ಕರೆತರದ ಪ್ರೋಗ್ರಾಮ್ ನನ್ನ ಪಟ್ಟಿಯಲ್ಲಾದರೆ ಕೆಳಗೆ ಇಳಿಯುತ್ತದೆ.

ಸೀಟು ಇಲ್ಲದವರಿಗೆ ಮೂರರಲ್ಲಿ ಇದೇ ಗಟ್ಟಿ ನೆಲ. ಮಾಡಿದ ವರ್ಷ ಮೆಡಿಸಿನ್ ಲೆಕ್ಕಕ್ಕೆ ಸೇರುತ್ತದೆ. ಯಾರಾದರೂ ಬಿಟ್ಟು ಹೋಗಿ ಪಿಜಿವೈ-2 ಖಾಲಿಯಾದರೆ ನಿಮ್ಮನ್ನು ಕಣ್ಣಾರೆ ಕಂಡವರು ಅಲ್ಲೇ ಇರುತ್ತಾರೆ. ಹಾಗಂತ ಅದನ್ನೇ ನಂಬಿ ಕೂರಬೇಡಿ, ಮರು ಅರ್ಜಿ ಹಾಕಲೇಬೇಕು. ಅದರ ಗಡಿಯಾರ ಬೇರೆ ಥರ ಓಡುತ್ತದೆ. ಜುಲೈಗೆ ಕೆಲಸ ಶುರು, ಸೆಪ್ಟೆಂಬರ್ ಕೊನೆಗೆ ಅರ್ಜಿ ಪ್ರೋಗ್ರಾಮ್‌ಗಳ ಕೈಗೆ. ಹೊಸ ಶಿಫಾರಸು ಪತ್ರಕ್ಕೆ ನಿಮ್ಮ ಬಳಿ ಇರುವುದು ಮೂರು ತಿಂಗಳಿಗೂ ಕಡಿಮೆ. ಮೊದಲ ಎರಡು ಬ್ಲಾಕ್‌ನಲ್ಲಿ ಬರೆದುಕೊಡಬಲ್ಲ ಅಟೆಂಡಿಂಗ್ (ಹಿರಿಯ ಡಾಕ್ಟರ್) ಜೊತೆ ಇರುವ ಹಾಗೆ ಚೀಫ್ ರೆಸಿಡೆಂಟ್ ಹತ್ತಿರ ಮೊದಲೇ ಮಾತಾಡಿ.

ಪ್ರಿಲಿಮ್ ಸರ್ಜರಿ

ಬೆಳಗ್ಗೆ ಐದಕ್ಕೆ ರೌಂಡ್ಸ್ ಮುಗಿಸಿ ಡ್ರೆಸ್ಸಿಂಗ್, ಡ್ರೈನು, ಡಿಸ್ಚಾರ್ಜ್ ಕಾಗದ. ಥಿಯೇಟರ್ ಒಳಗೆ ಹೋಗುವುದು ಕಡಿಮೆ. 80 ಗಂಟೆಯ ಗೆರೆಗೆ ಮೂಗು ಒತ್ತಿಕೊಂಡೇ ವರ್ಷ ಸಾಗುತ್ತದೆ. ಇಂಟರ್ವೆನ್ಷನಲ್ ರೇಡಿಯಾಲಜಿ ಸೀಟು ಕೈಯಲ್ಲಿದ್ದು, ಅವರೇ ಇದನ್ನು ಕೇಳಿದ್ದರೆ ಮಾಡಿ, ಕೆಲಸಕ್ಕೆ ಬರುತ್ತದೆ. ಮುಂದಿನ ವರ್ಷ ಸೇರುವ ಊರಲ್ಲೇ ಸಿಕ್ಕಿದ್ದು ಇದೊಂದೇ ಆದರೂ ಸರಿ, ಯೋಚಿಸಬಹುದು.

ಸೀಟಿಲ್ಲದೆ ಇದಕ್ಕೆ ಸೇರುವವರ ಬಗ್ಗೆಯೇ ನನ್ನ ಚಿಂತೆ. ಮ್ಯಾಚ್ (ಅಭ್ಯರ್ಥಿಗಳ ಪಟ್ಟಿಯನ್ನೂ ಪ್ರೋಗ್ರಾಮ್‌ಗಳ ಪಟ್ಟಿಯನ್ನೂ ಹೊಂದಿಸಿ ಸೀಟು ಹಂಚುವುದು) ವಾರದಲ್ಲಿ ಪ್ರತಿ ವರ್ಷ ತುಂಬದೆ ಉಳಿಯುವ ಸೀಟುಗಳಲ್ಲಿ ಪ್ರಿಲಿಮ್ ಸರ್ಜರಿಯದ್ದು ದೊಡ್ಡ ಪಾಲು. ಸೋಮವಾರ "ಮ್ಯಾಚ್ ಆಗಿಲ್ಲ" ಅನ್ನುವ ಇಮೇಲ್ ನೋಡಿ ಕಣ್ಣು ಕತ್ತಲಾದವರಿಗೆ ಉಳಿದ ಸೀಟುಗಳಿಗೆ ನಡೆಯುವ ಸೋಪ್ ಸುತ್ತಿನಲ್ಲಿ ಮೊದಲು ಕಾಣುವುದು ಅದೇ. "ಒಂದ್ಸಲ ಒಳಗೆ ಹೋದ್ರೆ ಆಯ್ತು, ಕೆಲಸ ನೋಡಿ ಕ್ಯಾಟಗಾರಿಕಲ್ ಕೊಡ್ತಾರೆ" ಅನ್ನುವ ಆಸೆ. ಹಾಗೆ ಸಿಕ್ಕವರೂ ಇದ್ದಾರೆ, ಎರಡು ಮೂರು ಪ್ರಿಲಿಮ್ ವರ್ಷ ಮಾಡಿ ಕೈ ಖಾಲಿ ಹೊರಟವರೂ ಇದ್ದಾರೆ. ಅಷ್ಟು ಗಂಟೆ ದುಡಿಯುತ್ತಾ ಮರು ಅರ್ಜಿ ಬರೆಯುವುದು, ಇಂಟರ್‌ವ್ಯೂಗೆ ರಜೆ ಕೇಳುವುದು ಎಷ್ಟು ಕಷ್ಟ ಅಂತ ಸೇರುವ ಮೊದಲು ಅಲ್ಲಿದ್ದವರನ್ನೇ ಕೇಳಿ. ಹೋದ ವರ್ಷದ ಪ್ರಿಲಿಮ್‌ಗಳು ಈಗ ಎಲ್ಲಿದ್ದಾರೆ ಅಂತ ಕೇಳಿ, ಒಬ್ಬೊಬ್ಬರದೂ. ಉತ್ತರ ತಡವರಿಸಿದರೆ ಅದೇ ಉತ್ತರ. ಜೆ-1ನಲ್ಲಿ ಇದ್ದು ಮುಂದಿನ ಸೀಟು ಸಿಗದಿದ್ದರೆ ಮುಗಿದ ಮೇಲೆ ಹೊರಡಲು 30 ದಿನ.

ಸರ್ಜರಿಯೇ ಉಸಿರು ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ಸುಮ್ನೆ ಒಳಗೆ ಕಾಲಿಡೋಕೆ ಅಂತ ಹೋಗುವವರಿಗೆ ಬೇಡ ಅನ್ನುತ್ತೇನೆ.

ಊರು ಮತ್ತು ದುಡ್ಡು

ಇಂಟರ್ನ್ ಸಂಬಳ ಬಹಳಷ್ಟು ಕಡೆ ವರ್ಷಕ್ಕೆ 60ರಿಂದ 80 ಸಾವಿರ ಡಾಲರ್ ನಡುವೆ, ತೆರಿಗೆ ಹಿಡಿಯುವ ಮೊದಲು. ಟಿವೈ, ಪ್ರಿಲಿಮ್ ಅಂತ ಸಂಬಳದಲ್ಲಿ ಭೇದ ಇಲ್ಲ, ಆಸ್ಪತ್ರೆಯಿಂದ ಆಸ್ಪತ್ರೆಗೆ ಇದೆ. ನ್ಯೂಯಾರ್ಕ್‌ನಲ್ಲಿ ಜಾಸ್ತಿ ಕೊಡುತ್ತಾರೆ, ಬಾಡಿಗೆ ಅದನ್ನು ನುಂಗುತ್ತದೆ. ಒಹಾಯೊ, ಮಿಷಿಗನ್ ಕಡೆ ಕಡಿಮೆ ಸಂಬಳದಲ್ಲೂ ಕೈಯಲ್ಲಿ ಉಳಿಯುತ್ತದೆ. ಆದರೆ ಕಾರು ಇಲ್ಲದೆ ಬದುಕು ಇಲ್ಲ.

ನಿಜವಾಗಿ ದುಡ್ಡು ಸೋರುವುದು ಎರಡು ಸಲ ಮನೆ ಬದಲಿಸುವುದರಲ್ಲಿ. ಎರಡು ಅಡ್ವಾನ್ಸು, ಎರಡು ರಾಜ್ಯದ ಟ್ರೈನಿಂಗ್ ಲೈಸೆನ್ಸು, ಸಾಮಾನು ಸಾಗಣೆ. ಸ್ಟೆಪ್ 3ಗೇ 900 ಡಾಲರ್‌ಗೂ ಮೇಲೆ. ಹಾಗಾಗಿ ಸಾಲ ಮಾಡಿ ಬಂದವರು, ಗಂಡ ಅಥವಾ ಹೆಂಡತಿಗೆ ಇನ್ನೊಂದು ಊರಲ್ಲಿ ಕೆಲಸ ಇರುವವರು, ಚಿಕ್ಕ ಮಗು ಇರುವವರು ಒಂದೇ ಊರಿನಲ್ಲಿ ಎರಡೂ ಸಿಗುವ ಜೋಡಿಯನ್ನು ಮೇಲೆ ಹಾಕಿ. ಆರಾಮದ ಟಿವೈ ಎರಡು ಸಾವಿರ ಮೈಲಿ ದೂರ ಇದ್ದು, ಕಷ್ಟದ ಪ್ರಿಲಿಮ್ ಅದೇ ರಸ್ತೆಯಲ್ಲಿದ್ದರೆ ನಾನು ಪ್ರಿಲಿಮ್ ಕಡೆಗೇ ವಾಲುತ್ತೇನೆ. ಒಂಟಿಯಾಗಿ ಎರಡು ಸೂಟ್‌ಕೇಸ್‌ನಲ್ಲಿ ಬದುಕುವವರಿಗೆ ಈ ಮಾತು ಬೇಕಾಗಿಲ್ಲ.

ಇದೆಲ್ಲ ಗೋಜಲೇ ಬೇಡ ಅನ್ನಿಸಿದರೆ, ನಿಮ್ಮ ಸ್ಪೆಷಾಲಿಟಿಯಲ್ಲಿ ಕ್ಯಾಟಗಾರಿಕಲ್ ಸೀಟು ಇದ್ದಷ್ಟನ್ನೂ ಮೊದಲು ಪಟ್ಟಿಗೆ ಹಾಕಿ. ವೀಸಾದ ಮೇಲೆ ಬಂದವರಿಗಂತೂ ಸ್ವಲ್ಪ ಕಡಿಮೆ ಹೆಸರಿನ ಕ್ಯಾಟಗಾರಿಕಲ್, ದೊಡ್ಡ ಹೆಸರಿನ ಅಡ್ವಾನ್ಸ್ಡ್‌ಗಿಂತ ಎಷ್ಟೋ ಸಲ ಮೇಲು.

ಪಟ್ಟಿ ಹಾಕುವಾಗ

ಮ್ಯಾಚ್ ನಡೆಸುವ ಎನ್‌ಆರ್‌ಎಂಪಿಯಲ್ಲಿ ನಿಮ್ಮ ಆದ್ಯತೆಯ ಮುಖ್ಯ ಪಟ್ಟಿ ಒಂದು. ಅದರಲ್ಲಿ ಅಡ್ವಾನ್ಸ್ಡ್ ಪ್ರೋಗ್ರಾಮ್ ಹಾಕಿದರೆ, ಪ್ರತಿಯೊಂದಕ್ಕೂ ಬೇಕಾದರೆ ಬೇರೆ ಬೇರೆ ಪೂರಕ ಪಟ್ಟಿ ಅಂಟಿಸಬಹುದು. ಷಿಕಾಗೋದ ಅನಸ್ತೇಸಿಯಾಗೆ ಷಿಕಾಗೋ ಸುತ್ತಲಿನ ಪ್ರಿಲಿಮ್‌ಗಳು, ಟೆಕ್ಸಸ್‌ನದ್ದಕ್ಕೆ ಟೆಕ್ಸಸ್‌ನವು. ಕಂಪ್ಯೂಟರ್ ಆ ಪೂರಕ ಪಟ್ಟಿಯನ್ನು ನೋಡುವುದು ಅಡ್ವಾನ್ಸ್ಡ್ ಸೀಟು ಸಿಕ್ಕ ಮೇಲೆ ಮಾತ್ರ. ಎಷ್ಟೋ ಜನ ಇದನ್ನು ತಿಳಿಯದೆ, ಅಡ್ವಾನ್ಸ್ಡ್ ಸಿಗದಿದ್ದರೂ ಪ್ರಿಲಿಮ್ ಆದರೂ ಸಿಗುತ್ತದೆ ಅಂದುಕೊಂಡಿರುತ್ತಾರೆ. ಅದು ಬೇಕಾದರೆ ಮುಖ್ಯ ಪಟ್ಟಿಯ ಕೊನೆಯಲ್ಲೂ ಆ ಪ್ರಿಲಿಮ್‌ಗಳನ್ನು ಹಾಕಬೇಕು. ಹಾಕುವ ಮೊದಲು, ಸೀಟಿಲ್ಲದೆ ಅಲ್ಲಿ ಒಂದು ವರ್ಷ ಮಾಡಲು ತಯಾರಿದ್ದೀರಾ ಯೋಚಿಸಿ. ಮ್ಯಾಚ್ ಆದರೆ ಹೋಗಲೇಬೇಕು.

ಪೂರಕ ಪಟ್ಟಿ ಉದ್ದ ಇರಲಿ. ಅಡ್ವಾನ್ಸ್ಡ್ ಸಿಕ್ಕು ಮೊದಲ ವರ್ಷ ಸಿಗದವರು ಸೋಪ್‌ನಲ್ಲಿ ಓಡಾಡುವುದು ಪ್ರತಿ ಮಾರ್ಚ್‌ನ ದೃಶ್ಯ. ಬರೀ ಟಿವೈಗಳನ್ನೇ ಹಾಕಿ ಕೂತವರು ಇದರಲ್ಲಿ ಇದ್ದೇ ಇರುತ್ತಾರೆ. ಟಿವೈ ಮೇಲೆ, ಪ್ರಿಲಿಮ್ ಮೆಡಿಸಿನ್ ನಡುವೆ, ನಿಮ್ಮ ಸ್ಪೆಷಾಲಿಟಿ ಒಪ್ಪುವುದಾದರೆ ಒಂದೆರಡು ಪ್ರಿಲಿಮ್ ಸರ್ಜರಿ ಕೊನೆಗೆ. ಹೀಗೆ ಹಾಕಿದರೆ ರಾತ್ರಿ ನಿದ್ದೆ ಬರುತ್ತದೆ.

ಇಂಟರ್‌ವ್ಯೂನಲ್ಲಿ ಕೇಳಲು ಇನ್ನೊಂದೇ ಪ್ರಶ್ನೆ ಬಾಕಿ. ಪ್ರಿಲಿಮ್ ಜೂನ್ 30ಕ್ಕೆ ಮುಗಿಯುತ್ತದೆ, ಮುಂದಿನದ್ದು ಜುಲೈ 1ಕ್ಕೆ ಶುರು. ಅದರ ಓರಿಯೆಂಟೇಷನ್ ಜೂನ್‌ನಲ್ಲೇ ಇಟ್ಟಿರುತ್ತಾರೆ. "ಕೊನೆಯ ವಾರದ ರಜೆಯನ್ನು ಜೂನ್ ಕೊನೆಗೆ ಕೊಡ್ತೀರಾ?" ಅಂತ ಕೇಳಿ. ನಾನು ಕೇಳಿರಲಿಲ್ಲ. ಕೊನೆಯ ನೈಟ್ ಮುಗಿಸಿ, ಪೇಜರ್ ಒಪ್ಪಿಸಿ, ಪ್ರೆಷರ್ ಕುಕ್ಕರನ್ನು ಕಾರಿನ ಮುಂದಿನ ಸೀಟಿಗೆ ಬೆಲ್ಟ್ ಹಾಕಿ ಕಟ್ಟಿ, ಒಂಬತ್ತು ಗಂಟೆ ಓಡಿಸಿದೆ. ದಾರಿಯಲ್ಲಿ ಎರಡು ಸಲ ಪೆಟ್ರೋಲ್ ಬಂಕ್ ಪಕ್ಕ ನಿಲ್ಲಿಸಿ ಮಲಗಿದ್ದೆ.